ಇಪ್ಪತ್ತು ನಿಮಿಷಕ್ಕೊಮ್ಮೆ ಉಪ್ಪುನೀರು

ಜನವರಿ 7, ಮಂಗಳವಾರ. ಸಂಜೆ 6.40

ಬರೆಯುವುದು ನನಗೆ ಹೊಸತಲ್ಲ. ಆದರೆ ಇಪ್ಪತ್ತೆಂಟು ವರ್ಷ ಬರೆದದ್ದೆಲ್ಲ ಬಸ್ಸಿನ ಹೆಸರು, ಬಂದ ಗಂಟೆ, ಹೊರಟ ಗಂಟೆ. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನ ಟೈಂಕೀಪರ್ ಗುರುವಪ್ಪ ವಿಸಿಲ್ ಬಾಯಿಗಿಟ್ಟನೆಂದರೆ ಡ್ರೈವರ್‌ಗಳು ಅರ್ಧ ಕುಡಿದ ಚಾ ಬಿಟ್ಟು ಸೀಟಿಗೆ ಹಾರುತ್ತಿದ್ದರು. ಈಗ ಅದೇ ಗುರುವಪ್ಪ ವಾರಕ್ಕೆ ಎರಡು ಸಲ ಆಸ್ಪತ್ರೆಯ ಕುರ್ಚಿಯಲ್ಲಿ ನಾಲ್ಕು ಗಂಟೆ ಅಲ್ಲಾಡದೆ ಕೂರಬೇಕು. ಯೂನಿಯನ್ ಆಫೀಸಿನಲ್ಲಿ ಉಳಿದಿದ್ದ ಖಾಲಿ ಟೈಂಶೀಟ್ ಪುಸ್ತಕವನ್ನು ಹೆಂಡತಿ ಕಿನ್ನಿ ತಂದುಕೊಟ್ಟಿದ್ದಾಳೆ. "ನನ್ನ ಹತ್ರ ಹಾಕುವ ಬೊಬ್ಬೆಯನ್ನು ಇನ್ನು ಇದರಲ್ಲಿ ಹಾಕಿ" ಎಂದಳು.

ಹಾಕುತ್ತೇನೆ. ಡಿಸೆಂಬರಿನಲ್ಲಿ ಎರಡು ಕಿಡ್ನಿಯೂ ಕೈಕೊಟ್ಟವು. ಡಯಾಲಿಸಿಸ್ ಮಾಡುವಾಗ ಮೆಶಿನಿನ ಪೈಪಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಎಲ್ಲರಿಗೂ ಹೆಪಾರಿನ್ ಎಂಬ ಔಷಧಿ ಕೊಡುತ್ತಾರೆ. ನನಗೂ ಕೊಟ್ಟರು. ಎಂಟನೇ ದಿನ ರಕ್ತದ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿಯಿತು. ಅಪರೂಪಕ್ಕೆ ಯಾರಿಗೋ ಹೀಗಾಗುತ್ತದಂತೆ. ಆ ಯಾರೋ ನಾನೇ ಆಗಬೇಕೇ? ಬದಲಿಗೆ ಬೇರೆ ಔಷಧಿ ಕೊಟ್ಟರು, ಹೊಟ್ಟೆಯ ಹಳೆ ಹುಣ್ಣಿನಿಂದ ರಕ್ತ ಹರಿಯಿತು. ಅದೂ ಬಂದ್. ಕೈಗೆ ಕೆಂಪು ಪಟ್ಟಿ ಕಟ್ಟಿದ್ದಾರೆ, ಹೆಪಾರಿನ್ ಕೂಡದು ಎಂದು.

ಈಗ ಉಳಿದ ದಾರಿ ಒಂದು. ಔಷಧಿಯೇ ಇಲ್ಲದೆ ಡಯಾಲಿಸಿಸ್. ಇಪ್ಪತ್ತು ನಿಮಿಷಕ್ಕೊಮ್ಮೆ ಒಬ್ಬರು ಬಂದು ರಕ್ತದ ಪೈಪು ಬಿಗಿದು ಉಪ್ಪುನೀರು ಹಾಯಿಸಿ ಫಿಲ್ಟರ್ ತೊಳೆಯಬೇಕು. ತಪ್ಪಿದರೆ ಫಿಲ್ಟರ್ ಕಟ್ಟುತ್ತದೆ, ಅದರೊಳಗಿನ ರಕ್ತ ಹೊರಗೇ ಹೋಯಿತು. ಹಾಗೆ ನಾಲ್ಕೈದು ಸಲ ಆದರೆ ಮೈಯಲ್ಲಿ ಉಳಿಯುವುದೇನು? ಹತ್ತು ಕುರ್ಚಿಗೆ ಅಲ್ಲಿ ಇಬ್ಬರು ನರ್ಸ್. ನಾಲ್ಕು ಗಂಟೆಯಲ್ಲಿ ಹನ್ನೊಂದು ಸಲ ಟೈಮಿಗೆ ಬರುವವರು ಈ ಊರಲ್ಲಿ ಯಾರಿದ್ದಾರೆ ಮಾರಾಯ! ನನಗೆ ಬಸ್ಸು ಗೊತ್ತು, ಜನ ಗೊತ್ತು. ಶುಕ್ರವಾರ ವಾಚ್ ಮುಂದಿಟ್ಟು ನೋಡುತ್ತೇನೆ.

ಜನವರಿ 10, ಶುಕ್ರವಾರ. ಸಂಜೆ 6.15

1.20. 1.40. 2.00. 2.20. 2.40. 3.00. 3.20. 3.40. 4.00. 4.20. 4.40.

ಹನ್ನೊಂದಕ್ಕೆ ಹನ್ನೊಂದು. ಒಂದು ನಿಮಿಷ ಹಿಂದೆ ಮುಂದೆ ಇಲ್ಲ. ನರ್ಸಿನ ಹೆಸರು ಮಾರ್ಸೆಲಿನ್. ಐವತ್ತರ ಹತ್ತಿರದ ಹೆಂಗಸು, ಕನ್ನಡಕ, ಕಾಲಿಗೆ ರಬ್ಬರ್ ಚಪ್ಪಲಿ. ಕೈಯಲ್ಲಿ ವಾಚ್ ಕೂಡ ಇಲ್ಲ. ಒಂದು ದಿನದ ಆಟ ಇರಬಹುದು.

ಜನವರಿ 21, ಮಂಗಳವಾರ. ಸಂಜೆ 6.30

ನಾಲ್ಕು ಸರದಿ ನೋಡಿದೆ. ಆಟವಲ್ಲ.

ಇವತ್ತು ಅವರ ಕೆಲಸವನ್ನೇ ನೋಡುತ್ತ ಕೂತೆ. ಉಪ್ಪುನೀರು ಬಿಟ್ಟ ಕೂಡಲೇ ಕೆಂಪು ಫಿಲ್ಟರ್ ತೆಳ್ಳಗಾಗುತ್ತ ಕುಚ್ಚಲಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬರುತ್ತದೆ. ಆಗ ಸಿಸ್ಟರ್ ಜೇಬಿನಿಂದ ಸಣ್ಣ ಟಾರ್ಚ್ ತೆಗೆದು ಮೇಲಿಂದ ಕೆಳಗೆ ಬೆಳಕು ಹಾಯಿಸುತ್ತಾರೆ. ಒಳಗೆ ಕಪ್ಪು ಗೆರೆ ಉಂಟಾ ಎಂದು ಹುಡುಕುವುದು. ಬಂದರಿನಲ್ಲಿ ಅಂಜಲ್ ಮೀನು ಕೊಳ್ಳುವ ಹೆಂಗಸರು ಕಿವಿರು ಎತ್ತಿ ನೋಡುವುದಿಲ್ಲವೇ, ಅಷ್ಟೇ ಅನುಮಾನ, ಅಷ್ಟೇ ಗಮನ.

"ವಾಚ್ ಇಲ್ಲದೆ ಹೇಗೆ ಗೊತ್ತಾಗ್ತದೆ ಸಿಸ್ಟರ್?" ಎಂದು ಕೇಳಿದೆ.

"ಕೈಗೆ ವಾಚ್ ಕಟ್ಟಿದ್ರೆ ಕೈ ಸರಿ ತೊಳೀಲಿಕ್ಕಾಗುದಿಲ್ಲ ಗುರುವಪ್ಪಣ್ಣ. ಗೋಡೆ ಗಡಿಯಾರ ಉಂಟಲ್ಲ. ಮತ್ತೆ ನೀವೊಬ್ರು ಇದ್ದೀರಿ, ಪೊಲೀಸಿನವರ ಹಾಗೆ ನೋಡ್ತಾ."

ಪಕ್ಕದ ಕುರ್ಚಿಯವನು ಕಿಸಕ್ಕನೆ ನಕ್ಕ. ಅಝರ್. ದರಿದ್ರದವ. 'ಸಫಾ' ಬಸ್ಸಿನ ಡ್ರೈವರ್ ಆಗಿದ್ದವ. ಧಣಿ ಮಗಳ ಹೆಸರಿಟ್ಟ ಬಸ್ಸು ಅದು, ತಲಪಾಡಿ ರೂಟಿನದು. ನಲವತ್ತು ದಾಟಿಲ್ಲ, ಸಕ್ಕರೆ ಕಾಯಿಲೆ ಕಿಡ್ನಿಯನ್ನು ತಿಂದಿದೆ. ಸಿಸ್ಟರ್ ನನ್ನ ಪೈಪಿನ ಕ್ಲಿಪ್ ಬಿಟ್ಟು ರಕ್ತ ಮತ್ತೆ ಓಡಿದ ಕೂಡಲೇ ಆ ಪುಣ್ಯಾತ್ಮ ಬಸ್ಸು ಹೊರಡಿಸುವ ಕಂಡಕ್ಟರ್ ಸ್ವರದಲ್ಲಿ "ರೈಟ್ ಪೋಯಿ!" ಎನ್ನುತ್ತಾನೆ. ಇಡೀ ಡಯಾಲಿಸಿಸ್ ಹಾಲ್ ನಗುತ್ತದೆ. ದಿನಕ್ಕೆ ಹನ್ನೊಂದು ಸಲ.

ಜನವರಿ 31, ಶುಕ್ರವಾರ. ಸಂಜೆ 7.05

ಅಝರ್ ಹಳೇ ಲೆಕ್ಕ ಎತ್ತಿದ.

"2019ರಲ್ಲಿ ಲೇಟ್ ಅಂತ ನನ್ನ ಟ್ರಿಪ್ ಕಟ್ ಮಾಡಿದ್ರಲ್ಲ ಗುರುವಪ್ಪಣ್ಣ, ನೆನಪುಂಟಾ? ಪಂಪ್‌ವೆಲ್‌ನಲ್ಲಿ ಒಂದು ಅಜ್ಜಿ ತಲೆ ತಿರುಗಿ ಬಸ್ಸಲ್ಲೇ ಬಿದ್ರು. ಅವರನ್ನು ರಿಕ್ಷಾ ಹತ್ತಿಸಿ ಕಳಿಸಿ ಬಂದದ್ದು ನಾನು. ಬರೇ ಆರು ನಿಮಿಷ. ನೀವು ಬಾಯಿ ತೆರೀಲಿಕ್ಕೇ ಬಿಡ್ಲಿಲ್ಲ."

"ಆರಲ್ಲ, ಹತ್ತು ಮಿಕ್ಕಿ" ಎಂದೆ. ಟೈಮಿನ ವಿಷಯದಲ್ಲಿ ನನಗೆ ಪಾಠವೇ?

"ಆರು!"

"ಹತ್ತು!"

ಮಾರ್ಸೆಲಿನ್ ಸಿಸ್ಟರ್ ನಡುವೆ ಬಂದು, "ಇಬ್ಬರದ್ದೂ ಬಿಪಿ ಏರ್ತಾ ಉಂಟು. ಜಗಳ ಬೇಕಾದ್ರೆ ಐದು ಗಂಟೆ ಮೇಲೆ ಗೇಟಿನ ಹೊರಗೆ ಮಾಡಿ, ನಾನೂ ನೋಡ್ಲಿಕ್ಕೆ ಬರ್ತೇನೆ" ಎಂದರು.

ಮನೆಗೆ ಬಂದವನೇ ಅಟ್ಟದಿಂದ ಹಳೆ ಟೈಂಶೀಟ್‌ಗಳ ಕಾರ್ಬನ್ ಕಾಪಿ ಕಟ್ಟು ಇಳಿಸಿದೆ. ಕಿನ್ನಿ ಬೈದಳು, ಧೂಳಿಗೆ ಸೀನಿದೆ, ಆದರೂ ಹುಡುಕಿದೆ. ಸಿಕ್ಕಿತು. 'ಸಫಾ. 6 ನಿ. ಲೇಟ್. ಟ್ರಿಪ್ ಕಟ್.' ನನ್ನದೇ ಅಕ್ಷರ.

ಆರಾದರೇನು, ಹತ್ತಾದರೇನು, ಲೇಟ್ ಲೇಟೇ. ಅವನಿಗೆ ಹೇಳುವುದಿಲ್ಲ. ಹಾಳೆಯನ್ನು ಮಡಚಿ ಇಟ್ಟಿದ್ದೇನೆ.

ಫೆಬ್ರವರಿ 4, ಮಂಗಳವಾರ. ರಾತ್ರಿ 7.30

ಫಿಲ್ಟರ್ ಕಟ್ಟಿತು. 2.50ಕ್ಕೆ. ಉಪ್ಪುನೀರು 2.40ಕ್ಕೇ ಹೋಗಿತ್ತು, ಸಿಸ್ಟರ್ ತಪ್ಪು ಕೂದಲೆಳೆಯಷ್ಟೂ ಇಲ್ಲ. ನನ್ನ ರಕ್ತವೇ ಹಠಮಾರಿ. ಟಾರ್ಚಿನಲ್ಲಿ ಗೆರೆ ಕಂಡ ಕೂಡಲೇ ಅವರು ಆದಷ್ಟು ರಕ್ತವನ್ನು ಹಿಂದಕ್ಕೆ ಮೈಗೆ ಕಳಿಸಿಬಿಟ್ಟರು. ಅರ್ಧ ಉಳಿಯಿತು. ಹೊಸ ಫಿಲ್ಟರ್ ಹಾಕಿ ಏಳು ನಿಮಿಷದಲ್ಲಿ ಮತ್ತೆ ಶುರು. ಏಳೇ ನಿಮಿಷ! ನಮ್ಮ ಬಸ್ಸಿನ ಟಯರ್ ಬದಲಿಸಲು ಮೂರು ಜನ ಸೇರಿ ಅರ್ಧ ಗಂಟೆ ಮಾಡುತ್ತಾರೆ.

ಮಧ್ಯಾಹ್ನ ಅವರು ಊಟಕ್ಕೆ ಹೋದದ್ದು ನಾನು ನೋಡಿಲ್ಲ. ಕೇಳಿದರೆ, "ತಿಂದೆ, ಒಂದು ಬಾಳೆಹಣ್ಣು" ಎಂದರು.

ಫೆಬ್ರವರಿ 11, ಮಂಗಳವಾರ. ಸಂಜೆ 6.20

ಡಾಕ್ಟರ್ ಕೌಶಲ್ ಇವತ್ತು ಸ್ಟೂಲ್ ಎಳೆದು ಪಕ್ಕದಲ್ಲಿ ಕೂತರು. ನನ್ನ ತಂಗಿಯ ಮಗನ ಪ್ರಾಯ, ಆದರೆ ಮಾತು ತೂಕದ್ದು. ಇನ್ನು ಮೇಲೆ ಹದಿನೈದು ನಿಮಿಷಕ್ಕೊಮ್ಮೆ ಉಪ್ಪುನೀರು. ಜೊತೆಗೆ ಮೆಶಿನಿಗೆ ಹೋಗುವ ದ್ರಾವಣವೂ ಬೇರೆ, ಸಿಟ್ರೇಟ್ ಇರುವಂಥದ್ದು. "ನಿಂಬೆಹುಳಿಯ ಜಾತಿ ಅದು. ರಕ್ತದಾನ ಮಾಡಿದ ರಕ್ತ ಚೀಲದಲ್ಲಿ ಗಟ್ಟಿಯಾಗದೆ ಇರುದು ಅದರಿಂದಲೇ. ಸ್ವಲ್ಪ ಸಹಾಯ ಆಗ್ಬಹುದು. ಅದನ್ನೇ ಜಾಸ್ತಿ ಕೊಡುವ ಕ್ರಮ ಉಂಟು, ಆದ್ರೆ ಗಂಟೆಗಂಟೆಗೆ ಕ್ಯಾಲ್ಸಿಯಂ ನೋಡ್ಬೇಕು, ಐಸಿಯುನಲ್ಲಿ ಮಾಡುದು. ವಾರಕ್ಕೆರಡು ಸಲ ಅದು ಆಗ್ಲಿಕ್ಕಿಲ್ಲ."

"ಮತ್ತೆ ಇದೂ ಆಗ್ಲಿಲ್ಲ ಅಂತಾದ್ರೆ?"

"ಹೊಟ್ಟೆಯ ಡಯಾಲಿಸಿಸ್ ಉಂಟು. ಮನೆಯಲ್ಲೇ ಮಾಡುದು. ರಕ್ತ ಹೊರಗೆ ಬರುದೇ ಇಲ್ಲ, ಹಾಗಾಗಿ ತೆಳು ಮಾಡುವ ಮಾತೇ ಇಲ್ಲ. ಯೋಚನೆ ಮಾಡಿ."

ಯೋಚನೆ ಮಾಡುವಂಥದ್ದು ಏನೂ ಇಲ್ಲ. ಹೊಟ್ಟೆಗೆ ಪೈಪು ತೂಗಿಸಿಕೊಂಡು ನಾನು ಮನೆಯಲ್ಲಿ ಒಬ್ಬನೇ ಕೂರುವುದಿಲ್ಲ. ಇಲ್ಲಿ ಸಿಸ್ಟರ್ ಇದ್ದಾರೆ.

ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ. ನನಗೆ ತಿನ್ನಲು ಉಪ್ಪೂ ಇಲ್ಲ, ಕುಡಿಯಲು ನೀರೂ ಇಲ್ಲ, ಎಲ್ಲವೂ ಪೈಪಿನಲ್ಲಿ.

ಫೆಬ್ರವರಿ 18, ಮಂಗಳವಾರ. ಸಂಜೆ 6.10

ನಿಂಬೆಹುಳಿ ಕೆಲಸ ಮಾಡಿತು. ಒಂದು ಗೆರೆ ಇಲ್ಲ. ಹದಿನೈದು ಸಲ ಬಂದರು ಸಿಸ್ಟರ್, ಹದಿನೈದೂ ಟೈಮಿಗೆ. ಬಸ್‌ಸ್ಟ್ಯಾಂಡಿನಲ್ಲಿ ಇಂಥವರು ಒಬ್ಬರಿದ್ದಿದ್ದರೆ ನಾನು ವಿಸಿಲ್ ಊದಬೇಕಾಗಿಯೇ ಇರಲಿಲ್ಲ.

ಅಝರ್‌ಗೆ ಇವತ್ತು ಮಾತಿಲ್ಲ. ಮೈ ಊದಿದೆ, ಎರಡು ದಿನ ನೀರು ಹೆಚ್ಚು ಕುಡಿದನಂತೆ. ಮಂಗ. "ರೈಟ್ ಪೋಯಿ" ಇಲ್ಲದೆ ಇಡೀ ಹಾಲ್ ಸಪ್ಪೆ ಎನಿಸಿತು.

ಫೆಬ್ರವರಿ 21, ಶುಕ್ರವಾರ. ಸಂಜೆ 7.50

3.11ಕ್ಕೆ ಅಝರ್ "ಸಿಸ್ಟರ್, ಕಣ್ಣು ಕತ್ತಲೆ" ಎಂದ. ಅಷ್ಟೇ. ತಲೆ ವಾಲಿತು, ಬಾಯಿ ತೆರೆಯಿತು. ಇನ್ನೊಬ್ಬ ನರ್ಸ್ ಯಾರನ್ನೋ ವಾರ್ಡಿಗೆ ಬಿಡಲು ಹೋಗಿದ್ದಳು. ಹಾಲ್‌ನಲ್ಲಿ ಮಾರ್ಸೆಲಿನ್ ಸಿಸ್ಟರ್ ಒಬ್ಬರೇ. ಡಾಕ್ಟರಿಗೆ ಕರೆ ಕಳಿಸಿ, ಕುರ್ಚಿ ಹಿಂದಕ್ಕೆ ಮಲಗಿಸಿ, ಕಾಲು ಎತ್ತಿ, ಉಪ್ಪುನೀರು ಬಿಟ್ಟು, ಆಕ್ಸಿಜನ್ ಇಟ್ಟರು. ಬಾಯಿ ಮಾತ್ರ ಮೆಲ್ಲಗೆ, "ಅಝರ್, ನನ್ನನ್ನು ನೋಡಿ. ಅಝರ್, ಮಕ್ಕಳ ಹೆಸರು ಹೇಳಿ." ಸ್ವರ ಒಂದು ಚೂರೂ ನಡುಗಲಿಲ್ಲ. ಕೈಗಳು ಮಾತ್ರ ಎಷ್ಟು ಬೇಗ!

3.15ಕ್ಕೆ ನನ್ನ ಉಪ್ಪುನೀರು. ಸಿಸ್ಟರ್ ಬೆನ್ನು ನನ್ನ ಕಡೆಗಿತ್ತು.

3.18. 3.20. ಮೆಶಿನಿನಲ್ಲಿ ಪ್ರೆಶರ್ ಅಂಕಿ ಏರುತ್ತಿತ್ತು, ನನಗೆ ಕಾಣುತ್ತಿತ್ತು. 3.22ಕ್ಕೆ ಅಲಾರ್ಮ್ ಬಾಯಿ ತೆರೆಯುವಷ್ಟರಲ್ಲಿ ಕೈ ಚಾಚಿ ಸದ್ದು ನಿಲ್ಲಿಸುವ ಬಟನ್ ಒತ್ತಿದೆ. ಅದು ಎರಡು ನಿಮಿಷಕ್ಕೆ ಮತ್ತೆ ಕೂಗುತ್ತದೆ. 3.24ಕ್ಕೆ ಒತ್ತಿದೆ. 3.26ಕ್ಕೆ ಒತ್ತಿದೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ, ಆ ಸದ್ದು ತಲೆಗೆ ಕುಟ್ಟುತ್ತದೆ, ಅಷ್ಟೆ.

3.27ಕ್ಕೆ ಅಝರ್ ಮಗಳ ಹೆಸರು ಹೇಳಿದ. ಡಾಕ್ಟರ್ ಓಡಿ ಬಂದರು. 3.28ಕ್ಕೆ ಸಿಸ್ಟರ್ ತಿರುಗಿದರು. ನನ್ನ ಮೆಶಿನ್ ನೋಡಿ ಬೆಳ್ಳಗಾದರು.

ಫಿಲ್ಟರ್ ಪೂರ್ತಿ ಕಪ್ಪು. ಒಂದು ಹನಿಯೂ ಹಿಂದೆ ಬರಲಿಲ್ಲ.

"ಯಾಕೆ ಕರೀಲಿಲ್ಲ ನೀವು?"

"ನಿದ್ದೆ ಬಂದಿತ್ತು."

"ನಿದ್ದೆಯಲ್ಲಿ ಮೂರು ಸಲ ಬಟನ್ ಒತ್ತಿದ್ದಾ?" ಅವರ ಕಣ್ಣಲ್ಲಿ ನೀರಿತ್ತು. ಸಿಟ್ಟೋ ಮತ್ತೆಂಥದೋ. "ಕೇಳಿ ಗುರುವಪ್ಪಣ್ಣ. ಒಬ್ಬ ಬಿದ್ರೆ ನಾನು ಹಿಡೀತೇನೆ. ಇಬ್ಬರೂ ಬಿದ್ರೆ ಯಾರನ್ನು ಹಿಡೀಲಿ? ಒಂದು ಕೂಗು ಹಾಕಿದ್ರೆ ಎಡಗೈಯಲ್ಲಿ ನಿಮ್ಮ ನೀರು ಬಿಡ್ತಿದ್ದೆ. ಯಾರು ಕಾಯ್ಬೇಕು, ಯಾರು ಕಾಯ್ಬಾರ್ದು, ಅದು ನನ್ನ ಕೆಲಸ. ಅದಕ್ಕೆ ನೀವು ಕೈ ಹಾಕ್ಬೇಡಿ."

ಇಪ್ಪತ್ತೆಂಟು ವರ್ಷದಲ್ಲಿ ನನಗೆ ಹಾಗೆ ಬೈದವರಿಲ್ಲ. ಒಂದು ಮಾತೂ ಸುಳ್ಳಲ್ಲ. ತಲೆ ತಗ್ಗಿಸಿ ಕೂತೆ.

ಫೆಬ್ರವರಿ 25, ಮಂಗಳವಾರ. ಸಂಜೆ 6.00

ಹಿಮೋಗ್ಲೋಬಿನ್ ಆರೂವರೆ. ಮೆಟ್ಟಿಲು ಹತ್ತುವಾಗ ಕಿನ್ನಿ ಹೆಗಲು ಕೊಟ್ಟಳು. ಎರಡು ಚೀಲ ರಕ್ತ ಹಾಕಿದರು. ಪಕ್ಕದ ಕುರ್ಚಿ ಖಾಲಿ. ಐಸಿಯುನಲ್ಲಿದ್ದಾನಂತೆ.

ಬರೆಯಲು ತ್ರಾಣವಿಲ್ಲ.

ಮಾರ್ಚ್ 4, ಮಂಗಳವಾರ. ಸಂಜೆ 6.25

ಅಝರ್ ಇನ್ನೂ ಬಂದಿಲ್ಲ. ಮೂರು ಸಲ ಕೇಳಿದೆ. ಮೂರನೇ ಸಲ ಸಿಸ್ಟರ್, "ವಾರ್ಡಿಗೆ ಬಂದಿದ್ದಾರೆ, ಗಂಜಿ ಕುಡಿದ್ರು, ಇನ್ನು ನಿಮ್ಮ ಉಸಿರು ನೀವು ಬಿಡಿ" ಎಂದರು. ಸರಿ, ಬಿಟ್ಟೆ.

ಡಾಕ್ಟರ್ ಮತ್ತೆ ಸ್ಟೂಲ್ ಎಳೆದರು. ಇನ್ನು ಎರಡು ಫಿಲ್ಟರ್ ಹೀಗೆ ಹೋದರೆ ರಕ್ತ ಹಾಕುತ್ತಲೇ ಇರಬೇಕಾಗುತ್ತದೆ, ಅದಕ್ಕೂ ಮಿತಿಯುಂಟು ಎಂದರು. ಹೊಟ್ಟೆಯ ಡಯಾಲಿಸಿಸ್ ಈಗಲೇ ಮಾಡಿದರೆ ಒಳ್ಳೆಯದು. ಬೇಡ ಎಂದೆ. ಯಾಕೆ ಎಂದರು. ಬೇಡ ಎಂದರೆ ಬೇಡ.

ಅವರು ಹೋದ ಮೇಲೆ ಸಿಸ್ಟರ್ 3.45ರ ನೀರು ಬಿಡುತ್ತ ಕೇಳಿದರು. "ಹೆದರಿಕೆಯಾ?"

"ಎಂತದ್ದು ಹೆದರಿಕೆ? ಇಲ್ಲಿ ನೀವಿದ್ದೀರಿ. ಮನೆಯಲ್ಲಿ ಯಾರು ನೋಡುದು ನನ್ನ ಟೈಮನ್ನು?"

ಸಿಸ್ಟರ್ ಟಾರ್ಚ್ ಆರಿಸಿ ಜೇಬಿಗೆ ಹಾಕಿ ನನ್ನನ್ನೇ ನೋಡಿದರು. "ಸ್ಟೇಟ್ ಬ್ಯಾಂಕಲ್ಲಿ ಅಷ್ಟು ಬಸ್ಸುಗಳ ಟೈಮ್ ಯಾರು ನೋಡಿದ್ದು? ದಿನಕ್ಕೆ ನಾಲ್ಕು ಚೀಲ ಔಷಧಿ ನೀರು ಹೊಟ್ಟೆಗೆ. ಒಳಗೆ ಬಿಡ್ಲಿಕ್ಕೆ ಒಂದು ಟೈಮು, ಹೊರಗೆ ತೆಗೀಲಿಕ್ಕೆ ಒಂದು ಟೈಮು. ಕೈ ಶುದ್ಧ ಬೇಕು, ಹಠ ಬೇಕು. ನನ್ನ ಈ ಹತ್ತು ಕುರ್ಚಿಯಲ್ಲಿ ಅದನ್ನು ಮಾಡ್ಲಿಕ್ಕೆ ಹುಟ್ಟಿದವರು ಒಬ್ಬರಿದ್ರೆ ಅದು ನೀವು ಮಾರಾಯ್ರೆ."

ಉಬ್ಬಿಸುವುದು ನನಗೂ ಗೊತ್ತಾಗುತ್ತದೆ. ಆದರೂ ಮನೆಗೆ ಬಂದು ಕಿನ್ನಿಗೆ ಹೇಳಿದೆ, ಮೂಲೆಯ ಕೋಣೆಯ ಸಾಮಾನೆಲ್ಲ ತೆಗೆಸು, ಸುಣ್ಣ ಹೊಡೆಸಬೇಕು ಎಂದು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮಾರ್ಚ್ 11, ಮಂಗಳವಾರ. ಸಂಜೆ 6.05

ಅಝರ್ ಬಂದ! ಅರ್ಧ ಆಳಾಗಿದ್ದಾನೆ. 1.15ಕ್ಕೆ ನನ್ನ ನೀರು ಹೋದಾಗ ಇಲಿಯ ಸ್ವರದಲ್ಲಿ "ರೈಟ್ ಪೋಯಿ" ಎಂದ. ಕಣ್ಣಿಗೆ ಏನೋ ಬಿತ್ತು, ಉಜ್ಜಿಕೊಂಡೆ. ಹಾಳಾದ ಫ್ಯಾನು, ಧೂಳು.

ನಾಳೆ ಹೊಟ್ಟೆಗೆ ಪೈಪು.

ಮಾರ್ಚ್ 28, ಶುಕ್ರವಾರ. ಸಂಜೆ 5.30

ಗಾಯ ಮಾಗಿದೆ. ತರಬೇತಿ ಮೂರನೇ ದಿನ. ಕಲಿಸುವುದು ಮಾರ್ಸೆಲಿನ್ ಸಿಸ್ಟರೇ, ಅವರ ಡ್ಯೂಟಿ ಮುಗಿದ ಮೇಲೆ. ಯಾರೂ ಹೇಳದೆ ಉಳಿಯುತ್ತಾರೆ. ಕೈ ತೊಳೆಯುವುದನ್ನೇ ಹದಿನಾಲ್ಕು ಸಲ ಮಾಡಿಸಿದರು. ಉಗುರಿನ ಬುಡ, ಬೆರಳಿನ ಸಂದು, ಹೆಬ್ಬೆರಳು ಬೇರೆ. ಫ್ಯಾನ್ ಆಫ್, ಕಿಟಕಿ ಬಂದ್, ಮೂಗಿಗೆ ಮಾಸ್ಕ್. ಹಳೆ ನೀರು ಇಳಿಯಲು ಇಪ್ಪತ್ತು ನಿಮಿಷ, ಹೊಸ ನೀರು ಎರಡು ಲೀಟರ್ ಏರಲು ಹತ್ತು. ಹೊಟ್ಟೆಯೊಳಗಿನ ಪೊರೆಯೇ ಫಿಲ್ಟರ್. ಅದು ಕಟ್ಟುವುದಿಲ್ಲ, ರಕ್ತವೂ ಹೊರಗೆ ಬರುವುದಿಲ್ಲ. ದೇವರು ಮೊದಲೇ ಒಳಗೊಂದು ಸ್ಪೇರ್ ಇಟ್ಟಿದ್ದಾನಲ್ಲ!

ಇಳಿದ ನೀರಿನ ಚೀಲವನ್ನು ಅಚ್ಚಾದ ಕಾಗದದ ಮೇಲಿಟ್ಟು ನೋಡಬೇಕು. ಅಕ್ಷರ ಓದಲು ಬಂದರೆ ಸರಿ. ಮಬ್ಬಾದರೆ ಒಳಗೆ ಇನ್ಫೆಕ್ಷನ್, ಕೂಡಲೇ ಫೋನ್ ಮಾಡಬೇಕು.

ಹನ್ನೊಂದು ಸಲ ಬಂದವರಿಗೆ ಥ್ಯಾಂಕ್ಸ್ ಹೇಳುವುದು ಹೇಗೆ? ಹೊರಡುವಾಗ ಬಾಗಿಲಲ್ಲಿ ನಿಂತು, "ಸಿಸ್ಟರ್, ನಾನು ನೋಡಿದ ಜನರಲ್ಲಿ ನಿಮ್ಮಷ್ಟು ಟೈಮಿನವರು ಇಲ್ಲ" ಎಂದೆ. ನನ್ನ ಬಾಯಿಂದ ಇದಕ್ಕಿಂತ ದೊಡ್ಡ ಮಾತು ಬರುವುದಿಲ್ಲ. "ಗೊತ್ತುಂಟು, ನೀವು ಬರ್ಕೊಂಡದ್ದು ನಾನು ದಿನಾ ನೋಡಿದ್ದೇನೆ" ಎಂದು ನಕ್ಕರು.

ಏಪ್ರಿಲ್ 14, ಸೋಮವಾರ

ಬೆಳಿಗ್ಗೆ 6, 11, ಸಂಜೆ 4, ರಾತ್ರಿ 9. ಒಂಬತ್ತು ದಿನ ತಪ್ಪಿಲ್ಲ. ಹಿಮೋಗ್ಲೋಬಿನ್ ಒಂಬತ್ತು. ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು ನಡೆದೆ. ಬೈಗುಳಕ್ಕೆ ಕಾರಣವಿಲ್ಲ, ಹಾಗಾಗಿ ಪುಸ್ತಕವೂ ಖಾಲಿ.

ಏಪ್ರಿಲ್ 27, ಭಾನುವಾರ

ಸಿಸ್ಟರ್ ಚರ್ಚಿನ ಪೂಜೆ ಮುಗಿಸಿ ನನ್ನ ಕೋಣೆ ನೋಡಲು ಬಂದರು. ದಾರಿ ತೋರಿಸಲು ಅಝರ್ ಜೊತೆಗಿದ್ದ, ಈಗ ಸ್ವಲ್ಪ ಮೈ ಹಿಡಿದಿದ್ದಾನೆ. ಇಬ್ಬರೂ ಸಿಟಿ ಬಸ್ಸಿನಲ್ಲಿ ಬಂದದ್ದು. ಲೇಟಾಯಿತೆಂದು ಕಿನ್ನಿ ಹೇಳಿದಳು, ನಾನು ವಾಚ್ ನೋಡಿರಲಿಲ್ಲ.

ಸಿಸ್ಟರ್ ಮಾಸ್ಕ್ ಹಾಕಿ ಬಾಗಿಲ ಹತ್ತಿರ ಕೈಕಟ್ಟಿ ನಿಂತರು. ಪರೀಕ್ಷೆಗೆ ನಿಂತ ಹಾಗೆ ಕೈ ತೊಳೆದೆ. ಹಳೆ ನೀರು ಇಳಿಸಿದೆ, ಹೊಸತು ಏರಿಸಿದೆ, ಮುಚ್ಚಳ ಹಾಕಿದೆ. ಕೊನೆಗೆ ಅವರು, "ನನಗೆ ಕೆಲಸವೇ ಉಳಿಸಿಲ್ಲ ನೀವು" ಎಂದರು. ಅವರಿಂದ ಆ ಮಾತು! ಕಿನ್ನಿಗೆ ಕೇಳಿಸಿತೇ ಎಂದು ತಿರುಗಿ ನೋಡಿದೆ. ಕೇಳಿಸಿತ್ತು.

ಆಗ ಅಝರ್ ಒಳಗೆ ಬಂದ. ಮೇಜಿನ ಮೇಲೆ ಚೀಲ ಇತ್ತು, ಅದರ ಕೆಳಗೆ ನಾನು ದಿನಾ ಓದುವ ಕಾಗದ. ತೆಗೆದಿಡಲು ಮರೆತಿದ್ದೆ. ಅವನು ಬಗ್ಗಿ, ತಿಳಿನೀರಿನ ಮೂಲಕ ಒಂದೊಂದೇ ಅಕ್ಷರ ಓದಿದ.

"ಸಫಾ. ಆರು ನಿಮಿಷ ಲೇಟ್. ಟ್ರಿಪ್ ಕಟ್."

"ಆರು ಅಂತ ನಿಮಗೆ ಗೊತ್ತಿತ್ತು" ಎಂದ.

"ಗೊತ್ತಿತ್ತು. ಜನವರಿಯಲ್ಲೇ ಸಿಕ್ಕಿತು. ಆ ಅಜ್ಜಿಯ ವಿಷಯ ಆವತ್ತು ಕೇಳ್ಬೇಕಿತ್ತು ನಾನು. ತಪ್ಪು ನನ್ನದು."

ಅವನು ಕಾಗದವನ್ನು ನೋಡುತ್ತಲೇ ಇದ್ದ. "ಸಿಸ್ಟರ್ ನನಗೆಲ್ಲ ಹೇಳಿದ್ದಾರೆ ಗುರುವಪ್ಪಣ್ಣ. ಆವತ್ತು ಆರು ನಿಮಿಷ ಕೊಡ್ಲಿಲ್ಲ ನೀವು. ಫೆಬ್ರವರಿಯಲ್ಲಿ ನಾನು ಬಿದ್ದಾಗ ಹದಿಮೂರು ಕೊಟ್ರಲ್ಲ, ಯಾಕೆ?"

ನನಗೆ ಬಾಯಿಗೆ ಬಂದದ್ದು ಒಂದೇ. "ಎಂತದ್ದೂ ಕೊಡ್ಲಿಲ್ಲ ಮಾರಾಯ. ನನ್ನ ವಾಚ್ ನಿಂತಿತ್ತು."

ಅಝರ್ ನನ್ನ ಕೈ ಹಿಡಿದು ಎತ್ತಿ, ಮಣಿಕಟ್ಟನ್ನು ಕಿವಿಗೆ ಒತ್ತಿಕೊಂಡ. ಆದರೆ ಕೈ ತೊಳೆಯಲು ನಾನು ವಾಚ್ ಬಿಚ್ಚಿಟ್ಟಿದ್ದೆ, ಅಲ್ಲಿದ್ದದ್ದು ಬರೀ ನಾಡಿ. ಅವನು ಹಾಗೇ ಕೇಳುತ್ತ ಕೂತ, ನಾನೂ ಬಿಡಿಸಿಕೊಳ್ಳಲಿಲ್ಲ.

"ಈಗ ಸರಿ ನಡೀತಾ ಉಂಟು" ಎಂದ.